335ರ ದಿಬ್ಬ: ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಟಿ-ಆರ್‌ಎನ್‌ಎಯ ಗಂಧಕ ಕಂಡದ್ದು

"ಮಾರ್ಪಟ್ಟ ನ್ಯೂಕ್ಲಿಯೊಸೈಡ್ ನೋಡಬೇಕೆಂದರೆ ಮಾಸ್ ಸ್ಪೆಕ್ಟ್ರೊಮೀಟರ್ ಬೇಕು ಮೇಡಂ, ಬೆಂಗಳೂರಿಗೆ ಹೋಗಿ." ಮೂರು ವರ್ಷಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ದಕ್ಷಿಣ ಕೊಡಗಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವವಳು ನಾನು. ಇರುವುದು ಮಾದರಿ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಒಂದು ಸ್ಪೆಕ್ಟ್ರೊಫೋಟೋಮೀಟರ್, ಒಂದು ಮೇಜಿನ ಸೆಂಟ್ರಿಫ್ಯೂಜ್, ಮಳೆಗಾಲದಲ್ಲಿ ನಂಬಲಾಗದ ಒಂದು ಫ್ರೀಜರ್. ಇಷ್ಟರಲ್ಲೇ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಸಣ್ಣ ಆರ್‌ಎನ್‌ಎ ಆದ ಟಿ-ಆರ್‌ಎನ್‌ಎಯ 4-ಥಯೋಯೂರಿಡಿನ್, ಅಂದರೆ ಗಂಧಕ ಸೇರಿ ಮಾರ್ಪಟ್ಟ ನ್ಯೂಕ್ಲಿಯೊಸೈಡ್ (ಆರ್‌ಎನ್‌ಎ ಸರಪಳಿಯ ಕೊಂಡಿ) ಕಂಡೆವು. ಒಮ್ಮೆ ಅಲ್ಲ, ಸಾಲಾಗಿ ಐದು ಸಲ.

ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೂರಕ್ಕೂ ಹೆಚ್ಚು ಬಗೆಯ ಮಾರ್ಪಾಡುಗಳಲ್ಲಿ ಹೆಚ್ಚಿನವು, ಆರ್‌ಎನ್‌ಎ ಬೆಳಕು ಹೀರುವ 260 ನ್ಯಾನೋಮೀಟರಿನ ದೊಡ್ಡ ಶಿಖರದೊಳಗೇ ಮುಳುಗಿಹೋಗುತ್ತವೆ. ಸರಪಳಿಯ ಎಂಟನೆಯ ಸ್ಥಾನದ ಈ ಗಂಧಕದ ಯೂರಿಡಿನ್ ಮಾತ್ರ ದೂರ ಸರಿದು 335 ನ್ಯಾನೋಮೀಟರ್ ಬಳಿ ಬೆಳಕು ಹೀರುತ್ತದೆ, ಗ್ರಾಫಿನಲ್ಲಿ ಸಣ್ಣ ದಿಬ್ಬವಾಗಿ ಕಾಣುತ್ತದೆ. ವಿಜ್ಞಾನಿ ಲಿಪ್ಸೆಟ್ ಇದನ್ನು ಬೇರ್ಪಡಿಸಿದ್ದು 1965ರಲ್ಲಿ. ಅರವತ್ತು ವರ್ಷ ಹಿಂದೆ ಆದ ಕೆಲಸ ಇವತ್ತು ನಮ್ಮಿಂದ ಏಕೆ ಆಗಬಾರದು ಎಂಬ ಹಟ ನನ್ನದು.

ಮೊದಲ ವರ್ಷ ಕೆಡಿಸಿದ್ದು, ಕೋಶದಿಂದ ಆರ್‌ಎನ್‌ಎ ತೆಗೆಯಲು ಬಳಸುವ ಫೀನಾಲ್. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಾಟಲಿ ತೆರೆದಿಟ್ಟರೆ ಮುಗಿಯಿತು, ತೇವ ಎಳೆದುಕೊಂಡು, ಗಾಳಿ ತಾಗಿ ಕೆಂಪಗಾಗುತ್ತದೆ. "ಮೇಡಂ, ಮದ್ದುಪಾಯಸದ ನೀರು ಬಿದ್ದ ಹಾಗಿದೆ" ಎಂದಳು ಒಬ್ಬ ವಿದ್ಯಾರ್ಥಿನಿ. ನಾನು ಲಕ್ಷ್ಯ ಕೊಡಲಿಲ್ಲ. ಅದೇ ಫೀನಾಲಿನಲ್ಲಿ ತೆಗೆದ ಮಾದರಿ 300ರಿಂದ 400ರವರೆಗೆ ಇಳಿಜಾರಾಗಿ ಹೀರಿತು. ಅದನ್ನೇ ದಿಬ್ಬವೆಂದು ನಂಬಿ ಮೈಸೂರಿನ ಹಿರಿಯರೊಬ್ಬರಿಗೆ ಗ್ರಾಫ್ ಕಳಿಸಿದೆ. "ಇದು ಕೊಳೆ" ಎಂದು ಎರಡೇ ಪದದ ಉತ್ತರ ಬಂತು. ಅವರು ಹೇಳಿದ್ದು ಸರಿಯಾಗಿತ್ತು. ಅಂದಿನಿಂದ ಬಣ್ಣ ತಿರುಗಿದ ಫೀನಾಲನ್ನು ಮುಟ್ಟುವುದಿಲ್ಲ. ಎರಡು ಬಾಟಲಿ ಚೆಲ್ಲಿದ್ದಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿ ಹೋಯಿತು.

ಎರಡನೆಯ ವರ್ಷದ ತಪ್ಪು ಇನ್ನೂ ಸಣ್ಣದು, ಇನ್ನೂ ಹೊಟ್ಟೆ ಉರಿಸುವಂಥದ್ದು. 260ರಲ್ಲಿ ಅಳೆಯಲು ಐವತ್ತು ಪಟ್ಟು ತೆಳುಮಾಡಿದ ಮಾದರಿಯನ್ನೇ 335ರಲ್ಲೂ ನೋಡುತ್ತಿದ್ದೆ. ಅಲ್ಲಿ ಸಿಗುವುದು 260ರ ಓದಿನ ನೂರಕ್ಕೆ ಒಂದೂವರೆ, ಎರಡು ಪಾಲು ಮಾತ್ರ. ತೆಳುಮಾಡಿದರೆ ಅದು ಯಂತ್ರದ ನಡುಕದೊಳಗೇ ಕರಗುತ್ತದೆ. ಈಗ 260ಕ್ಕೆ ತೆಳುವಾದದ್ದು, 335ಕ್ಕೆ ಗಟ್ಟಿಯಾದದ್ದು, ಎರಡೂ ಬೇರೆ ಬೇರೆ. ಇಷ್ಟು ಹೊಳೆಯಲು ಹತ್ತು ತಿಂಗಳು ಬೇಕಾಯಿತು.

ಕೈಗೂಡಿದ ದಾರಿ ಹೀಗಿದೆ. ಎರಡು ಲೀಟರ್ ಕಲ್ಚರ್‌ನಿಂದ ಏಳೆಂಟು ಗ್ರಾಂ ಹಸಿ ಕೋಶ. ಅವನ್ನು ಒಡೆಯಬಾರದು. ಮೆಗ್ನೀಸಿಯಂ ಇರುವ ಬಫರಿನಲ್ಲಿ ಕದಡಿ, ಇಡೀ ಕೋಶಗಳನ್ನೇ ಫೀನಾಲಿನೊಂದಿಗೆ ಅಲುಗಿಸಬೇಕು. ಸಣ್ಣ ಆರ್‌ಎನ್‌ಎ ಹೊರಬರುತ್ತದೆ, ಡಿಎನ್‌ಎಯೂ ದೊಡ್ಡ ಆರ್‌ಎನ್‌ಎಯೂ ಬಹುಪಾಲು ಒಳಗೇ ಉಳಿಯುತ್ತವೆ. ಮೇಲಿನ ನೀರಿನ ಪದರಕ್ಕೆ ಎಥನಾಲ್, ಕೆಳಗೆ ಕೂತದ್ದನ್ನು ತಣ್ಣನೆಯ 1 ಮೋಲಾರ್ ಉಪ್ಪಿನ ನೀರಿನಲ್ಲಿ ಕರಗಿಸಿ ಮತ್ತೆ ಎಥನಾಲ್. ಕೊನೆಗೆ ಹತ್ತು ಮಿಲಿಗ್ರಾಂ ಆಸುಪಾಸು ಸಿಗುತ್ತದೆ. ಕಡಿಮೆ ಅನ್ನಿಸಿದರೆ, ಟಿ-ಆರ್‌ಎನ್‌ಎ ಒಂದರ ಸರಣಿಯನ್ನು ಮೊದಲು ಓದಿದ ರಾಬರ್ಟ್ ಹಾಲಿ ಅವರ ತಂಡವನ್ನು ನೆನೆಯಿರಿ: ಒಂದು ಗ್ರಾಂ ಅಲನೀನ್ ಟಿ-ಆರ್‌ಎನ್‌ಎಗಾಗಿ 140 ಕಿಲೋ ಈಸ್ಟ್ ಹಾಕಿದ್ದರು. ಫೀನಾಲಿನ ಕೊನೆಯ ವಾಸನೆಯನ್ನು ಕಳೆಯಲು ನಾನು ಮಾಡುವ ಒಂದು ಕೆಲಸವನ್ನೂ, ಉಪ್ಪಿನ ನೀರಿನಲ್ಲಿ ಎಷ್ಟು ಹೊತ್ತು ಬಿಡುತ್ತೇನೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಬಂದು ಕೈಜೋಡಿಸುವವರಿಗೆ ತೋರಿಸುತ್ತೇನೆ.

ಹೀಗೆ ಮೊದಲ ಸಲ ಕೈಗೂಡಿದ ದಿನ, 320 ದಾಟಿದ ಮೇಲೆ ಯಂತ್ರದ ಮುಳ್ಳು ಕೆಳಗಿಳಿಯುವುದನ್ನು ನಿಲ್ಲಿಸಿತು. ನಿಧಾನವಾಗಿ ಮೇಲೆದ್ದು, 335ರ ಬಳಿ 0.5ರಷ್ಟು ಓದು ತೋರಿಸಿ, 370ರೊಳಗೆ ನೆಲಕ್ಕಿಳಿಯಿತು. ಪಕ್ಕದಲ್ಲಿ ಬೇಕರಿ ಈಸ್ಟಿನ ಟಿ-ಆರ್‌ಎನ್‌ಎಯನ್ನು ಅದೇ ಗಟ್ಟಿಯಲ್ಲಿ ಇಟ್ಟೆವು. ಅಲ್ಲಿ ದಿಬ್ಬವೇ ಇಲ್ಲ. ಈಸ್ಟಿನಲ್ಲಿ ಈ ಮಾರ್ಪಾಡು ಇಲ್ಲ, ಆದ್ದರಿಂದ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗದು. ಅದೇ ಹಿರಿಯರಿಗೆ ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಕಳಿಸಿದೆ. ಈ ಸಲ ಫೋನ್ ಬಂತು.

ನಡುವೆ ಬೈನೆ ಕಳ್ಳಿನ ಈಸ್ಟನ್ನೂ ನೋಡೋಣ ಎನಿಸಿತು. ಲ್ಯಾಬಿನ ಸಹಾಯಕರು ಮನೆಯ ಬೈನೆಮರದಿಂದ ಒಂದು ಕುಪ್ಪಿ ತಂದುಕೊಟ್ಟರು. ಬೆಳೆಸಿ, ತೆಗೆದು, ಯಂತ್ರಕ್ಕಿಟ್ಟರೆ ಸಣ್ಣ ದಿಬ್ಬ! ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ತಟ್ಟೆಯಲ್ಲಿ ಗೀಚಿ ಒಂದೇ ಕಾಲೊನಿ ಆರಿಸಿ ಬೆಳೆಸಿದೆವು, ದಿಬ್ಬ ಮಾಯ. ಕಳ್ಳಿನಲ್ಲಿ ಈಸ್ಟಿನ ಜೊತೆ ಬ್ಯಾಕ್ಟೀರಿಯಾವೂ ಧಾರಾಳ, ಆ ಗಂಧಕ ಅವುಗಳದ್ದೇ ಇರಬೇಕು. ಆದರೂ ಈ ಪ್ರಯೋಗ ನನಗೆ ಬಹಳ ಇಷ್ಟ. ಕಲಬೆರಕೆ ಹಿಡಿಯಲು ಇದೊಂದು ದಾರಿಯಾದೀತು.

ಪ್ರೋಟೀನ್ ತಯಾರಿಗೂ ಇದಕ್ಕೂ ನಂಟೇನು ಎಂದು ವಿದ್ಯಾರ್ಥಿಗಳು ಕೇಳಿದ್ದರು. ಅದನ್ನು ತೋರಿಸಲು ಬಿಸಿಲು ಬೇಕಾಗಿತ್ತು. ಕೈಲ್‌ಪೋಳ್ದ್ (ಸೆಪ್ಟೆಂಬರಿನ ಹಬ್ಬ) ಕಳೆಯುವವರೆಗೆ ನಮ್ಮಲ್ಲಿ ಬಿಸಿಲೆಲ್ಲಿ? ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ಆಕಾಶ ತೆರೆಯಿತು. ಒಂದೇ ಕಲ್ಚರನ್ನು ಎರಡು ಗಾಜಿನ ನಳಿಕೆಗಳಿಗೆ ಹಂಚಿ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಎರಡನ್ನೂ ಒಂದೇ ನೀರಿನ ಬಕೆಟ್ಟಿನಲ್ಲಿ ಅಂಗಳದಲ್ಲಿಟ್ಟೆವು. ಬಿಸಿಲಿನ ಸಮೀಪ-ಅತಿನೇರಳೆ ಕಿರಣ ಎಂಟನೆಯ ಥಯೋಯೂರಿಡಿನನ್ನು ಹದಿಮೂರನೆಯ ಸೈಟಿಡಿನ್‌ಗೆ ಹೆಣೆದುಬಿಡುತ್ತದೆ. ಹೆಣೆದ ಟಿ-ಆರ್‌ಎನ್‌ಎಗೆ ಅಮೈನೋ ಆಮ್ಲ ಸರಿಯಾಗಿ ಹತ್ತುವುದಿಲ್ಲ. ಆಹಾರ ಎದುರಿಗಿದ್ದರೂ ಕೋಶ ತಾನು ಹಸಿದಿದ್ದೇನೆ ಎಂದು ತಿಳಿದು ಬೆಳವಣಿಗೆ ನಿಲ್ಲಿಸುತ್ತದೆ. ಬೆಳಕು ಕಂಡ ನಳಿಕೆ ಒಳಗೆ ತಂದ ಮೇಲೂ ಸುಮಾರು ಒಂದೂವರೆ ಗಂಟೆ ಹಾಗೇ ಕೂತು, ಮತ್ತೆ ಬೆಳೆಯತೊಡಗಿತು. ಹಾಳೆ ಸುತ್ತಿದ್ದು ನಿಲ್ಲಲೇ ಇಲ್ಲ. ಶುದ್ಧ ಮಾದರಿಯನ್ನೂ ಮಂಜುಗಡ್ಡೆಯ ಮೇಲಿಟ್ಟು ಬಿಸಿಲಿಗೆ ಹಿಡಿದೆವು, ದಿಬ್ಬ ಅರ್ಧಕ್ಕಿಳಿಯಿತು. ಕಿಟಕಿ ಪಕ್ಕದಲ್ಲಿ ಬಿಟ್ಟ ನಮ್ಮ ಹಳೆಯ ಮಾದರಿಗಳು ಏಕೆ ಸೊರಗುತ್ತಿದ್ದವು ಎಂಬುದು ಆಗ ಅರ್ಥವಾಯಿತು. ಈಗ ಎಲ್ಲ ಟ್ಯೂಬಿಗೂ ಹಾಳೆ ಸುತ್ತುತ್ತೇವೆ.

ಒಟ್ಟು ಖರ್ಚು ನೆನಪಿನ ಮೇಲೆ ನಲವತ್ತು ಸಾವಿರದ ಹತ್ತಿರ, ಅರ್ಧಕ್ಕಿಂತ ಹೆಚ್ಚು ನನ್ನ ಸಂಬಳದ್ದೇ. ಕ್ವಾರ್ಟ್ಜ್ ಕ್ಯುವೆಟ್ ಜೋಡಿಗೇ ಏಳು ಸಾವಿರ, ಅದರಲ್ಲೊಂದು ಒಡೆಯಿತು. ಮೂರು ದಿನ ಕರೆಂಟ್ ಹೋದಾಗ ಫ್ರೀಜರ್ ಕರಗಿ ಒಂದು ಸಲಕ್ಕೆ ತೆಗೆದಿಟ್ಟ ಮಾದರಿಯೆಲ್ಲ ಹಾಳಾಯಿತು. ಎಥನಾಲ್ ಹಾಕಿದರೆ ತಳದಲ್ಲಿ ಏನೂ ಕೂರಲಿಲ್ಲ. ಅದರ ಬಳಿಕ ಮಾದರಿಯನ್ನು ಎಥನಾಲಿನಲ್ಲೇ ಇಡುತ್ತೇನೆ, ಕರೆಂಟ್ ಹೋದರೂ ಕೆಡುವ ಭಯ ಕಡಿಮೆ.

ಎಂಟು ಟ್ಯೂಬ್ ಮಾದರಿ ಉಳಿದಿವೆ. ಹೋಲಿಸಿ ನೋಡಲು ಮಾದರಿ ಬೇಕೆನ್ನುವ ಕಾಲೇಜಿನವರು ಮಳೆ ಹಿಡಿಯುವ ಮೊದಲೇ ಐಸ್ ಡಬ್ಬಿ ತೆಗೆದುಕೊಂಡು ಬನ್ನಿ, ಎರಡೆರಡು ಕೊಡುತ್ತೇನೆ.