ಹೂವೇ ಬಿಡದ ವಿಸ್ಟೀರಿಯಾಗೆ ದ್ರಾಕ್ಷಿ ಚಾಟ್ನಿ (ಕಡ್ಡಿ ಕತ್ತರಿಸೋದು): ನನ್ನ ಅನುಭವ

ಈ ಸಲ ಮೇ ಮೊದಲ ವಾರ ನಮ್ಮ ವಿಸ್ಟೀರಿಯಾ (ಗೊಂಚಲು ಗೊಂಚಲಾಗಿ ಹೂ ಇಳಿಬಿಡೋ ಬಳ್ಳಿ) ಚಪ್ಪರದ ತುಂಬ ಹೂ. ಗೊಂಚಲು ಎಣಿಸೋಣ ಅಂತ ಹೋಗಿ ಇನ್ನೂರರ ಹತ್ರ ಲೆಕ್ಕ ತಪ್ಪಿ ಬಿಟ್ಟೆ. "ಕಡಿಸಿ ಹಾಕ್ರೀ ಅದನ್ನ" ಅಂತಿದ್ದವ್ರೆಲ್ಲ ಈಗ ಮಕ್ಕಳಿಗೆ ಜುಬ್ಬ-ಲಂಗ ಹಾಕಿಸ್ಕೊಂಡು ಬಂದು ಅದರ ಕೆಳಗೆ ಫೋಟೋ ತೆಗಿಸ್ಕೊಂಡು ಹೋಗ್ತಿದಾರೆ, ಹೆಂಗ್ ಮಾಡಿದ್ರಿ ಅಂತ ಕೇಳ್ತಿದಾರೆ, ಒಬ್ಬೊಬ್ರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ.

ನಾವಿರೋದು ನ್ಯೂಜೆರ್ಸಿ, ಎಡಿಸನ್ ಕಡೆ. ಬಳ್ಳಿ ಮನೆ ಜೊತೆಗೇ ಬಂದಿದ್ದು, ನಾನು ನೆಟ್ಟಿದ್ದಲ್ಲ. ಗಡಿಯಾರದ ಉಲ್ಟಾ ಸುತ್ತುತ್ತೆ, ಅಂದ್ರೆ ಚೀನಾದ್ದು. ಜಪಾನಿಂದಾಗಿದ್ರೆ ಗಡಿಯಾರದ ದಿಕ್ಕಿಗೇ ಸುತ್ತೋದು. ಬುಡ ನನ್ನ ತೊಡೆಯಷ್ಟು ದಪ್ಪ, ಬಿಸಿಲು ದಕ್ಷಿಣದಿಂದ ದಿನಾ ಏಳೆಂಟು ಗಂಟೆ ಬೀಳುತ್ತೆ, ಆದ್ರೂ ಏಳೆಂಟು ವರ್ಷ ಬರೀ ಸೊಪ್ಪು. ಹಸುಗಳಿದ್ದಿದ್ರೆ ಒಂದು ಡೈರಿನೇ ನಡೆಸಬಹುದಿತ್ತು, ಅಷ್ಟು ಸೊಪ್ಪು (ಹಸುಗೂ ಹಾಕಂಗಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು, ವಿಷ).

ದುಡ್ಡು ಎಲ್ಲೆಲ್ಲಿ ಹೋಯ್ತು ಅಂತ ಮೊದ್ಲು ಹೇಳ್ಬಿಡ್ತೀನಿ. ಹೂ ಬರಿಸೋ ಗೊಬ್ಬರ ಅಂತ ಮೂರು ವರ್ಷ ಡಬ್ಬಿ ಡಬ್ಬಿ ತಂದು ಸುರಿದಿದ್ದು ನೂರೈವತ್ತು ಡಾಲರ್ ಮೇಲೆ. ಸೂಪರ್ ಫಾಸ್ಫೇಟ್ ಬೇರೆ. ಯಾರೋ ಎಪ್ಸಮ್ ಸಾಲ್ಟ್ ಅಂದ್ರು, ಅದೂ ಆಯ್ತು. ಆಫೀಸಿನ ಒಬ್ರು ಸರಪಳಿ ತಗೊಂಡು ಬುಡಕ್ಕೆ ಬಾರ್ಸಿ ಅಂದ್ರು, ಊರಲ್ಲಿ ಕಾಯಿ ಬಿಡದ ಮಾವಿನ ಮರಕ್ಕೆ ಕೊಡ್ಲಿ ತೋರ್ಸಿ ಹೆದರಿಸ್ತಾರಲ್ಲ, ಅದೇ ವಿದ್ಯೆ ಇಲ್ಲೂ ಇದೆ. ಕೊನೆಗೆ ರಟ್ಗರ್ಸ್ ಯೂನಿವರ್ಸಿಟಿ ಲ್ಯಾಬಿಗೆ ಮಣ್ಣು ಕಳಿಸಿದೆ, ಇಪ್ಪತ್ತು ಚಿಲ್ರೆ ಡಾಲರ್ ಆಯ್ತು ಅಂತ ನೆನಪು. ರಿಪೋರ್ಟ್ ನೋಡಿದ್ರೆ ರಂಜಕ (ಫಾಸ್ಫರಸ್) ಆಗ್ಲೇ ಬೇಕಾದ್ದಕ್ಕಿಂತ ಜಾಸ್ತಿ! ನಾನು ಕಾಸು ಕೊಟ್ಟು ತಂದಿದ್ದೆಲ್ಲ ಮಣ್ಣಲ್ಲಿ ಹಾಗೇ ಕೂತಿದೆ. ಸಾಲದ್ದಕ್ಕೆ ಲಾನಿಗೆ ಗೊಬ್ಬರ ಹೊಡೆಯೋ ಕಂಪನಿಯವರು ವರ್ಷಕ್ಕೆ ನಾಲ್ಕೈದು ಸಲ ಬಂದು ಬುಡದವರೆಗೂ ಸಾರಜನಕ ಚೆಲ್ಲಿ ಹೋಗ್ತಿದ್ರು. ಅವರೆ, ತೊಗರಿ ಜಾತಿ ಗಿಡ ಇದು, ಸಾರಜನಕ ತಾನೇ ಮಾಡ್ಕೊಳ್ಳುತ್ತೆ. ಉಂಡವನಿಗೇ ಮತ್ತೆ ಎಲೆ ಹಾಕಿದಂಗೆ.

ಚಪ್ಪರದ ಕಥೆ ಇನ್ನೊಂದು. ಅಂಗಡಿಯಿಂದ ತಂದು ಜೋಡಿಸೋ ಕಿಟ್, 4x4 (ಇಂಚು ಲೆಕ್ಕ) ಕಂಬದ್ದು, ಒಂಬೈನೂರು ಡಾಲರ್ ಹತ್ರ. ಜುಲೈನಲ್ಲಿ ಒಂದು ಗುಡುಗು ಮಳೆ, ಎಲೆಯೆಲ್ಲ ನೆಂದು ಭಾರ, ಮೇಲೆ ಗಾಳಿ, ಬೆಳಿಗ್ಗೆ ನೋಡಿದ್ರೆ ಎರಡು ಕಂಬ ಮುರಿದು ಬಳ್ಳಿ ಬಾರ್ಬೆಕ್ಯೂ ಗ್ರಿಲ್ ಮೇಲೆ ಮಲಗಿತ್ತು. ಅವತ್ತು ಹೆಂಡ್ತಿ ಕ್ಯಾಲಿಫೋರ್ನಿಯಾದ ಸಿಯೆರಾ ಮಾದ್ರೆ ಊರಿನ ವಿಸ್ಟೀರಿಯಾ ಬಗ್ಗೆ ಓದಿ ಹೇಳಿದ್ಲು, 1894ರಲ್ಲಿ ನೆಟ್ಟಿದ್ದಂತೆ, ಈಗ ಸುಮಾರು ಒಂದು ಎಕರೆ ಹಬ್ಬಿದೆ, ಮೊದ್ಲಿದ್ದ ಮನೆ ಅದರ ಭಾರಕ್ಕೇ ಹೋಯ್ತು. "ನಮ್ಮನೆ ಯಾವಾಗ?" ಅಂದ್ಲು. ಕಡಿಯೋಕೆ ಕೊಟೇಶನ್ನೂ ತರಿಸಿದ್ಲು, ಬೇರು ಸಮೇತ ಎಂಟ್ನೂರು. ನಾನು ಆ ದುಡ್ಡಿಗೆ ಇನ್ನಷ್ಟು ಸೇರ್ಸಿ 6x6 ಕಂಬ ತಂದು, ಮೂರಡಿ ಗುಂಡಿ ತೆಗೆದು ಕಾಂಕ್ರೀಟ್ ಹಾಕಿ, ಮೇಲೆ ಸ್ಟೀಲ್ ವೈರ್ ಬಿಗಿದೆ. ಎಲ್ಲ ಸೇರಿ ಸಾವಿರದ ಐನೂರು ಅಂದ್ಕೊಳ್ಳಿ, ಕೂಲಿ ನಂದೇ, ಒಬ್ಬ ಫ್ರೆಂಡಿಗೆ ಎರಡು ದಿನ ಊಟ.

ತಿರುವು ಸಿಕ್ಕಿದ್ದು ಊರಿಂದ. ನಮ್ದು ವಿಜಯಪುರದ ಕಡೆ, ಮನೇಲಿ ಥಾಮ್ಸನ್ ದ್ರಾಕ್ಷಿ. ಅಪ್ಪಂಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ ನೋಡಿ, "ಇಷ್ಟ ಬಳ್ಳಿ ಓಡಾಕ ಬಿಟ್ರ ಕಣ್ಣಾಗ ಹೂವು ಎಲ್ಲಿಂದ ಕೂಡ್ತದೋ? ಚಿವುಟಿಲ್ಲೇನು? ಸಬ್‌ಕೇನ್ ಮಾಡಿಲ್ಲೇನು?" ಅಂದ್ರು. ದ್ರಾಕ್ಷಿ ಮಾಡಿದವ್ರಿಗೆ ಇದು ಬಿಡಿಸಿ ಹೇಳೋದು ಬೇಡ: ಏಪ್ರಿಲ್ ಚಾಟ್ನಿ ಆದ್ಮೇಲೆ ಏಳನೇ ಎಲೆ ಹತ್ರ ತುದಿ ಚಿವುಟ್ತೀವಿ, ಪಕ್ಕದ ಕಡ್ಡಿ (ಅದೇ ಸಬ್‌ಕೇನ್) ಬರುತ್ತೆ, ಅಕ್ಟೋಬರ್ ಚಾಟ್ನಿಗೆ ಬೇಕಾದ ಹಣ್ಣಿನ ಕಣ್ಣು (ಮೊಗ್ಗು) ಆ ಬೇಸಿಗೆಯಲ್ಲೇ ತಯಾರಾಗಿರುತ್ತೆ. ವಿಸ್ಟೀರಿಯಾನೂ ಹಾಗೇ, ಮುಂದಿನ ಮೇ ಹೂವಿನ ಕಣ್ಣು ಹಿಂದಿನ ಬೇಸಿಗೆಯಲ್ಲೇ ಕೂತಿರುತ್ತೆ. ಇಲ್ಲಿಯವರು ಜುಲೈ-ಆಗಸ್ಟಲ್ಲಿ ಒಂದ್ಸಲ, ಫೆಬ್ರವರಿಲಿ ಒಂದ್ಸಲ ಕತ್ತರಿಸು ಅಂತಾರೆ. ನಾನು ಅದನ್ನೂ ಮಾಡಿ ನೋಡಿದ್ದೆ, ಸಿಕ್ಕಿದ್ದು ಮೂರೋ ನಾಲ್ಕೋ ಗೊಂಚಲು, ಅದೂ ಗೋಡೆ ಪಕ್ಕ.

ಹಂಗಾಗಿ ದ್ರಾಕ್ಷಿ ಲೆಕ್ಕಕ್ಕೇ ಬಿದ್ದೆ. ಜೂನ್ ಮಧ್ಯದಲ್ಲಿ, ಚಾಟಿ ಥರ ಓಡ್ತಿರೋ ಹೊಸ ಕಡ್ಡಿ ಎಲ್ಲಾನೂ ಆರೇಳು ಎಲೆಗೆ ಕತ್ತರಿಸಿದೆ. ಮೂರು ವಾರಕ್ಕೆ ಪಕ್ಕದಿಂದ ಹೊಸದು ಬರುತ್ತೆ, ಅದನ್ನ ಎರಡೆಲೆ ಬಿಟ್ಟು ಉಗುರಲ್ಲೇ ಚಿವುಟಿದೆ. ಮತ್ತೆ ಬಂದ್ರೆ ಒಂದೆಲೆಗೆ. ಆಗಸ್ಟ್ ಕೊನೆಗೆ ಕೈ ನಿಲ್ಲಿಸಿದೆ. ಇಷ್ಟು ಚಿವುಟಿದ್ರೆ ಇನ್ನೂ ಹುಚ್ಚೆದ್ದು ಬೆಳೆಯುತ್ತೆ ಅಂತ ಗಾರ್ಡನ್ ಕ್ಲಬ್ಬಿನ ಒಬ್ಬ ಹಿರಿಯರು ನಕ್ಕಿದ್ರು. ಮೊದಲ ಎರಡು ಸುತ್ತು ಹೌದು, ಬೆಳೆಯುತ್ತೆ, ಮೂರನೇ ಸುತ್ತಿಗೆ ಸುಸ್ತಾಗುತ್ತೆ. ಜೊತೆಗೆ ಲಾನ್ ಕಂಪನಿ ಬಂದ್, ಗೊಬ್ಬರ ಪೂರ್ತಿ ಬಂದ್, ನವೆಂಬರಲ್ಲಿ ಬುಡದಿಂದ ಮೂರಡಿ ದೂರ ಅರ್ಧ ಚಂದ್ರಾಕಾರದಲ್ಲಿ ಸಲಿಕೆ ಇಳಿಸಿ ಬೇರು ಕತ್ತರಿಸಿದ್ದು, ಒಂದೂವರೆ ಅಡಿ ಆಳ. ನೀರನ್ನ ಯಾವಾಗ ನಿಲ್ಲಿಸ್ದೆ, ಎಷ್ಟು ದಿನ ನಿಲ್ಲಿಸ್ದೆ ಅನ್ನೋದನ್ನ ಮಾತ್ರ ಹೇಳಲ್ಲ, ದ್ರಾಕ್ಷಿಯವ್ರು ಊಹಿಸ್ಕೋತಾರೆ. ಕಡಿದ ಗಾಯಕ್ಕೆ ಅಪ್ಪ ಹೇಳಿದ ಒಂದು ಲೇಪ ಇದೆ, ಅದೂ ಮನೆ ಗುಟ್ಟು.

ಫೆಬ್ರವರಿಲಿ ಕಡ್ಡಿಗಳನ್ನ ಎರಡು-ಮೂರು ಕಣ್ಣಿಗೆ ಕತ್ತರಿಸಿ ಇಳಿಸುವಾಗ್ಲೇ ವ್ಯತ್ಯಾಸ ಕಾಣಿಸ್ತು. ಎಲೆ ಕಣ್ಣು ಸಣ್ಣಗೆ, ಕಡ್ಡಿಗೆ ಅಂಟ್ಕೊಂಡಿರುತ್ತೆ. ಹೂವಿನದು ದಪ್ಪ, ಉಬ್ಬಿರುತ್ತೆ, ಬೆರಳಾಡ್ಸಿದ್ರೇ ಗೊತ್ತಾಗುತ್ತೆ. ಆ ವರ್ಷ ಮೂವತ್ತೋ ನಲವತ್ತೋ ಗೊಂಚಲು ಬರಬೇಕಿತ್ತು, ಏಪ್ರಿಲ್ ಕೊನೆಗೆ ಒಂದು ರಾತ್ರಿ ಹಿಮ ಬಿದ್ದು ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿ ಉದುರ್ತು. ಮರು ವರ್ಷದಿಂದ ಹಿಮದ ಮುನ್ಸೂಚನೆ ಬಂದ ರಾತ್ರಿ ಹಳೇ ಬೆಡ್‌ಶೀಟ್ ಹೊದಿಸಿ ಒಳಗೆ ಹಳೇ ಕಾಲದ ಬಿಸಿಯಾಗೋ ಕ್ರಿಸ್‌ಮಸ್ ಲೈಟ್ ಸರ ಬಿಡ್ತೀನಿ. ಎಲ್‌ಇಡಿ ಸರ ಬೇಡ, ಅದಕ್ಕೆ ಕಾವಿಲ್ಲ.

ಮಧ್ಯದಲ್ಲಿ ಬೇರೆ ಕಿತಾಪತಿಗಳೂ ನಡೆದ್ವು. ದ್ರಾಕ್ಷಿಗೆ ಮಾಡ್ತಾರಲ್ಲ, ತೊಗಟೆ ಉಂಗುರದ ಥರ ಸುಲಿಯೋದು, ಒಂದು ಕೊಂಬೆಗೆ ಮಾಡಿದೆ. ಹೂವೇನೋ ಭರ್ಜರಿ, ಮುಂದಿನ ಚಳಿಗಾಲಕ್ಕೆ ಕೊಂಬೆನೇ ಹೋಯ್ತು. ಅಮೆರಿಕದ್ದೇ ವಿಸ್ಟೀರಿಯಾ ಜಾತಿ ಅಮೆಥಿಸ್ಟ್ ಫಾಲ್ಸ್ ಒಂದು ದೊಡ್ಡ ಕುಂಡದಲ್ಲಿಟ್ಟೆ, ನಲವತ್ತು ಡಾಲರ್, ಎರಡನೇ ವರ್ಷಕ್ಕೇ ಹೂ ಬಿಡ್ತು, ಗೊಂಚಲು ಗಿಡ್ಡ, ಪರಿಮಳ ಸುಮಾರು. ಹೊಸದಾಗಿ ನೆಡೋರು ಅದನ್ನೇ ನೆಡಿ, ಈ ಚೀನಾದ್ದು ಇಲ್ಲಿ ಕಾಡಿಗೆ ನುಗ್ಗಿ ಮರಗಳನ್ನೇ ಹಿಸುಕುತ್ತೆ. ಬೀಜದಿಂದ ಮಾಡ್ತೀನಿ ಅಂತ ಹೊರಟ್ರೆ ಹತ್ತು-ಹದಿನೈದು ವರ್ಷ ಹೂವಿಗೆ ಕಾಯಬೇಕಾಗಬಹುದು, ನಾನು ಹಾಕಿದ ಸಸಿಗಳು ಇನ್ನೂ ಕುಂಡದಲ್ಲೇ ಮುಖ ಊದಿಸ್ಕೊಂಡಿವೆ.

ಕಾಯಿ ವಿಷಯ ಒಂದು ಗಟ್ಟಿಯಾಗಿ ಹೇಳ್ಬೇಕು. ಅವ್ವ ಬಂದಿದ್ದಾಗ ಸೆಪ್ಟೆಂಬರ್, ವೆಲ್ವೆಟ್ ಥರ ನುಣ್ಣನೆ ರೋಮ ಇರೋ ಉದ್ದ ಕಾಯಿ ಮಡಿಲು ತುಂಬ ಕಿತ್ಕೊಂಡು ಒಳಗೆ ಬಂದು "ಅವರಿಕಾಯಿ ಹಂಗ ಅದಾವಲ್ಲೋ, ಸುಲಿದು ಪಲ್ಯ ಮಾಡ್ಲೇನು" ಅಂದ್ರು. ಬೀಜ ತಿಂದ್ರೆ ವಾಂತಿ-ಭೇದಿ ಗ್ಯಾರಂಟಿ, ಮಕ್ಕಳಿಗಂತೂ ಒಂದೆರಡೇ ಸಾಕು. ಈಗ ನಾನು ಹೂ ಬಾಡಿದ ಕೂಡ್ಲೇ ಗೊಂಚಲು ಕತ್ತರಿಸ್ತೀನಿ, ಕಾಯಿ ಕಟ್ಟೋಕೆ ಬಿಡಲ್ಲ.

ಕತ್ತರಿ ಬಗ್ಗೆ ಕೇಳೋರಿಗೆ: ಬೈಪಾಸ್ (ಎರಡು ಅಲಗು ಒಂದರ ಪಕ್ಕ ಒಂದು ಜಾರೋದು) ತಗೊಳ್ಳಿ, ಆನ್‌ವಿಲ್ (ಒಂದೇ ಅಲಗು ಚಪ್ಪಟೆ ಪಟ್ಟಿ ಮೇಲೆ ಬೀಳೋದು) ಬೇಡ, ಹಸಿ ಕಡ್ಡಿ ಜಜ್ಜಿ ಬಿಡುತ್ತೆ. ಫೆಬ್ರವರಿ ಕೆಲಸಕ್ಕೆ ಏಣಿ ಹಿಡ್ಕೊಳ್ಳೋಕೆ ಒಬ್ರಿರ್ಲಿ, ಐಸ್ ಮೇಲೆ ಜಾರುತ್ತೆ.