ಎರೆ ಮಣ್ಣಿನ ಮೇಲಿನ ಮನೆ: ಅಡಿಪಾಯದ ಓರೆ ಬಿರುಕು ನಿಂತದ್ದು ಹೀಗೆ

ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು ಪ್ಲಿಂತ್ (ಅಡಿಪಾಯದ ಮೇಲಿನ ಗೋಡೆಯ ಬುಡ) ದಾಟಿದ ಬಿರುಕು. ಮೇಲೆ ಕೂದಲೆಳೆ, ಕೆಳಗೆ 4 ಮಿ.ಮೀ. ಕೆಳಗೆ ಅಗಲವಿದ್ದರೆ ಮೂಲೆ ಮೇಲೆದ್ದಿದೆ ಎಂದರ್ಥ. ಮೇಲೆ ಅಗಲವಿದ್ದರೆ ಮೂಲೆ ಕುಸಿದಿದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಂಡರೆ ಕೆಲಸ ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಎರೆ ಮಣ್ಣಿನದೇ. ಧಾರವಾಡ, ಗದಗ ಕಡೆಯವರಿಗೆ ಇದೇನು ಹೊಸದಲ್ಲ.

ಮೊದಲು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂಟಿಸಿ ತಾರೀಖು ಬರೆದೆ. ಮೂರೇ ವಾರಕ್ಕೆ ಒಡೆಯಿತು, ಅಂದರೆ ಬಿರುಕು ಇನ್ನೂ ಅಲುಗುತ್ತಿದೆ. ಅಲುಗಾಡುವ ಬಿರುಕಿಗೆ ಸಿಮೆಂಟ್ ತುಂಬುವುದು ದುಡ್ಡು ದಂಡ.

ಬಚ್ಚಲ ನೀರು ಆ ಮೂಲೆಯಲ್ಲೇ ಇಂಗುತ್ತಿತ್ತು. ಅಲ್ಲಿನ ಮಣ್ಣು ಸದಾ ಉಬ್ಬಿ, ಉಳಿದದ್ದು ಬೇಸಿಗೆಗೆ ಕುಗ್ಗಿ, ನಡುವೆ ಗೋಡೆ ಸೀಳಿತ್ತು. ನೀರನ್ನು ಪಿವಿಸಿ ಪೈಪಿನಲ್ಲಿ 5 ಮೀಟರ್ ಆಚೆ ಒಯ್ದು, ಮನೆ ಸುತ್ತ 1.2 ಮೀಟರ್ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ 1:40 ಇಳಿಜಾರಿನಲ್ಲಿ ಹಾಕಿಸಿದೆ. ಗೋಡೆ ಮತ್ತು ಪಟ್ಟಿಯ ಸಂದಿಗೆ ಡಾಂಬರು. ಬರೀ ಗಾರೆಯಾದರೆ ಬೇಗ ಬಿಟ್ಟುಕೊಳ್ಳುತ್ತದೆ.

ಒಂದು ಮಳೆಗಾಲ, ಒಂದು ಬೇಸಿಗೆ ಕಾದೆ. ಎರಡನೇ ಗಾಜು ಒಡೆಯಲಿಲ್ಲ. ಆಮೇಲೆ ಬಿರುಕನ್ನು 25 ಮಿ.ಮೀ. ಆಳ ಕೆತ್ತಿ, ಧೂಳು ತೆಗೆದು, ಒದ್ದೆ ಮಾಡಿ ಪಾಲಿಮರ್ ಗಾರೆ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿದ್ದಾಯಿತು. ಮೇಲೆ ಎರಡೂ ಕಡೆ 150 ಮಿ.ಮೀ. ಚಾಚುವಂತೆ ಕೋಳಿ ಜಾಲರಿ (ತೆಳು ತಂತಿ ಬಲೆ) ಬಡಿದು ಪ್ಲಾಸ್ಟರ್, 7 ದಿನ ನೀರುಣಿಸಿ ಕ್ಯೂರಿಂಗ್.