ಸಾಲು ಸಾಲಿಗೂ ದಾರ ಕತ್ತರಿಸಿ ಹಾಕಿದ ಕುಚ್ಚಿನ ಸ್ಕಾರ್ಫ್

"ಹಿಂಗೆ ಕತ್ತರಿಸ್ತಾ ಹೋದ್ರೆ ಕೊನೆಗೆ ನಿನ್ನ ಕೈಲಿ ಸ್ಕಾರ್ಫ್ ಇರಲ್ಲ ಕಣೇ, ದಾರದ ತುಂಡು ಇರುತ್ತೆ" ಅಂದಿದ್ದರು ನನಗೆ ಕ್ರೋಶಾ, ಅಂದರೆ ಒಂದೇ ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವುದನ್ನು, ಹೇಳಿಕೊಟ್ಟ ಆಂಟಿ. ಎರಡು ಚಳಿಗಾಲ ಆಯಿತು. ಆ ಸ್ಕಾರ್ಫ್ ಮಗಳ ಹಾಸ್ಟೆಲ್ಲಿನ ವಾಷಿಂಗ್ ಮಷೀನಿನಲ್ಲಿ ಎಷ್ಟು ಸಲ ತಿರುಗಿದೆಯೋ ಲೆಕ್ಕವಿಲ್ಲ. ಒಂದು ಎಳೆ ಬಿಟ್ಟಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಮನೆಯಲ್ಲೇ ಸೀರೆ ಕುಚ್ಚು ಹಾಕುವವಳು. ಗಂಟಿನ ಕುಚ್ಚು, ಬೇಬಿ ಕುಚ್ಚು, ಮಣಿ ಕುಚ್ಚು ಎಲ್ಲ ಟಿವಿ ನೋಡಿಕೊಂಡೇ ಮುಗಿಸುತ್ತೇನೆ. ಕ್ರೋಶಾ ಮಾತ್ರ ಬರುತ್ತಿರಲಿಲ್ಲ. ಕ್ರೋಶಾ ಕುಚ್ಚು ಬೇಕು ಅಂತ ಬಂದವರನ್ನು ವಾಪಸ್ ಕಳಿಸಿ ಸಾಕಾಗಿ, 46ನೇ ವಯಸ್ಸಿನಲ್ಲಿ ಕಡ್ಡಿ ಹಿಡಿದೆ. ರೇಷ್ಮೆ ದಾರದ ಸಣ್ಣ ಕಡ್ಡಿಗೆ ಕಣ್ಣು ನಿಲ್ಲಲಿಲ್ಲ. ಮೊದಲು ಉಲ್ಲನ್‌ನಲ್ಲಿ ಕೈ ಕುದುರಲಿ, ಒಂದು ಸ್ಕಾರ್ಫ್ ಹಾಕು ಅಂದರು ಆಂಟಿ.

ಎಲ್ಲರೂ ಹೇಳುವ ಹಾಗೆ ಅಗಲದಿಂದ ಶುರು ಮಾಡಿದೆ. 25 ಚೈನ್ (ಶುರುವಿನ ಕುಣಿಕೆಗಳ ಸರ), ತಿರುಗಿಸು, ಹಾಕು, ತಿರುಗಿಸು, ಹಾಕು. ಎರಡು ಅಡಿ ಆದ ಮೇಲೆ ಎಣಿಸಿದರೆ 19 ಸ್ಟಿಚ್ ಇದೆ! ಆಗೊಮ್ಮೆ ಈಗೊಮ್ಮೆ ತಿರುವಿನಲ್ಲಿ ಕೊನೆಯದೊಂದು ತಪ್ಪಿಹೋಗುತ್ತಿತ್ತು. ಅದು ಸ್ಕಾರ್ಫ್ ಅಲ್ಲ, ಗಾಳಿಪಟದ ಬಾಲಂಗೋಚಿ. ಬಿಚ್ಚಿ ಮತ್ತೆ ಹಾಕಿದೆ. ಈ ಸಲ ಜಾಸ್ತಿಯಾಯಿತು, 31. ಮೂರನೇ ಸಲ ಅಂಚು ಹೇಗೋ ನೆಟ್ಟಗೆ ಬಂತು. ಆದರೆ ಕೊನೆಯಲ್ಲಿ ತುಂಡು ದಾರ ಸಿಕ್ಕಿಸಿ ಕುಚ್ಚು ಕಟ್ಟಬೇಕಲ್ಲ, ಅದು ನನ್ನ ಕಣ್ಣಿಗೆ ಹಿಡಿಸಲೇ ಇಲ್ಲ. ಬೇರೆ ಎಲ್ಲಿಂದಲೋ ತಂದು ಅಂಟಿಸಿದ ಹಾಗಿತ್ತು.

ನಮ್ಮ ಸೀರೆಯಲ್ಲಿ ಹಾಗಲ್ಲ ನೋಡಿ. ಸೆರಗಿನ ತುದಿಯಲ್ಲಿ ಹೊಕ್ಕು (ಅಡ್ಡ ದಾರ) ಹಾಕದೆ ಬಿಟ್ಟ ಹಾಸಿನ (ಉದ್ದ ದಾರದ) ಎಳೆ ಇರುತ್ತೆ, ಅದನ್ನೇ ಸೇರಿಸಿ ಗಂಟು ಹಾಕುತ್ತೇವೆ. ಕುಚ್ಚು ಬಟ್ಟೆಯದೇ ದಾರ. ಸ್ಕಾರ್ಫಿನಲ್ಲೂ ಸಾಲುಗಳು ಹಾಸಿನ ಹಾಗೆ ಉದ್ದಕ್ಕೆ ಓಡಿದರೆ? ಪ್ರತಿ ಸಾಲಿನ ಆಚೆ ಈಚೆ ಒಂದು ಗೇಣು ದಾರ ಬಿಟ್ಟು ಕತ್ತರಿಸಿದರೆ? ಅದೇ ಕುಚ್ಚು ಆಗಲ್ವಾ? ಉದ್ದಕ್ಕೆ ಹಾಕಿದರೆ ಇನ್ನೊಂದು ಅನುಕೂಲ, 170ರಲ್ಲಿ ಒಂದು ಸ್ಟಿಚ್ ತಪ್ಪಿದರೂ ಯಾರಿಗೂ ಕಾಣಲ್ಲ. ಕುಚ್ಚು ಮುಚ್ಚಿಬಿಡುತ್ತದೆ. ದಾರ ಒಳಗೆ ಸೇರಿಸಿ ಹೊಲಿಯುವ ಕೆಲಸವೂ ಇಲ್ಲ. ಇದನ್ನು ಹೇಳಿದಾಗಲೇ ಆಂಟಿ ಆ ಮಾತು ಅಂದಿದ್ದು.

ಮೊದಲನೆಯದು ಬಾಳೆಹಣ್ಣಿನ ಹಾಗೆ ಬಾಗಿತು. ಚೈನ್ ಬಿಗಿ, ಮೇಲಿನ ಸಾಲು ಸಡಿಲ. ಈಗ ಚೈನ್‌ಗೆ 7 ಎಂಎಂ ಕಡ್ಡಿ, ಉಳಿದದ್ದಕ್ಕೆ 6. ಚೈನ್ ಎಣಿಕೆಗೆ ಇಪ್ಪತ್ತಕ್ಕೊಂದು ಸೇಫ್ಟಿ ಪಿನ್ ಹಾಕುತ್ತೇನೆ. ಆದರೂ ಐದಾರು ಜಾಸ್ತಿಯೇ ಹಾಕಿಕೊಳ್ಳಿ. ಉಳಿದದ್ದನ್ನು ಶುರುವಿನ ಗಂಟಿನ ಕಡೆಯಿಂದ ಬಿಚ್ಚಬಹುದು. ಕಮ್ಮಿ ಬಿದ್ದರೆ ಮಾತ್ರ ಅಳಬೇಕು.

ಎರಡನೆಯದರಲ್ಲಿ ಬುದ್ಧಿವಂತಿಕೆ ಮಾಡಲು ಹೋದೆ. ಹೇಗೂ ದಾರ ಕತ್ತರಿಸುತ್ತೇನಲ್ಲ, ತಿರುಗಿಸುವುದೇಕೆ ಅಂತ ಎಲ್ಲ ಸಾಲನ್ನೂ ಬಲಗಡೆಯಿಂದಲೇ ಹಾಕಿದೆ. ನಾನು ಹಾಕುವ ಗಿಡ್ಡ ಸ್ಟಿಚ್, ಸಿಂಗಲ್ ಕ್ರೋಶಾ, ಒಂದರ ಮೇಲೊಂದು ನೆಟ್ಟಗೆ ಕೂರಲ್ಲ, ಒಂದು ಚೂರು ಪಕ್ಕಕ್ಕೆ ಜಾರುತ್ತದೆ. ಕೊನೆಗೆ ಸ್ಕಾರ್ಫಿನ ಎರಡೂ ತುದಿ ಓರೆ. ಈಗ ಕತ್ತರಿಸಿದರೂ ತಿರುಗಿಸಿಯೇ ಮುಂದಿನ ಸಾಲು ಹಾಕುತ್ತೇನೆ. ಅಂದ ಹಾಗೆ ನಾನು ಸಿಂಗಲ್ ಅನ್ನುವುದು ಅಮೆರಿಕದವರ ಸಿಂಗಲ್. ಇಂಗ್ಲೆಂಡಿನ ಪುಸ್ತಕಗಳಲ್ಲಿ ಅದಕ್ಕೇ ಡಬಲ್ ಅನ್ನುತ್ತಾರೆ. ಇದು ಗೊತ್ತಿಲ್ಲದೆ ಒಂದು ಉಂಡೆ ದಂಡವಾಗಿದೆ.

ಮೂರನೆಯದು ನೆಟ್ಟಗೆ ಬಂತು, ಆದರೆ ರಟ್ಟು. ಕುತ್ತಿಗೆಗೆ ಸುತ್ತಿದರೆ ಸೆಟೆದು ನಿಲ್ಲುತ್ತಿತ್ತು. ಕುಚ್ಚು ನೋಡಿದರೆ ಇಲಿ ಬಾಲ. ಮೆತ್ತಗಾಗಲಿ ಅಂತ ಇಸ್ತ್ರಿ ಇಟ್ಟೆ. ಉಲ್ಲನ್ ಅಂದೆನಲ್ಲ, ಅದು ಅಕ್ರಿಲಿಕ್, ಪ್ಲಾಸ್ಟಿಕ್ ಥರದ ದಾರ. ಅದರ ಮೇಲೆ ಇಸ್ತ್ರಿ! ಇಟ್ಟ ಜಾಗ ಹೊಳಪು ಬಂದು, ಜೀವ ಹೋಗಿ, ಪ್ಲಾಸ್ಟಿಕ್ ಹಾಳೆ ಥರ ಜೋತುಬಿತ್ತು. ಅಲ್ಲಿಗೆ ಕೈಬಿಟ್ಟು ಹೋದದ್ದು ಒಟ್ಟು ಸಾವಿರದ ನೂರು ರೂಪಾಯಿ ಇರಬೇಕು. ಕಡ್ಡಿಗಳ ದುಡ್ಡೂ ಸೇರಿ. "ಬಸ್ ಸ್ಟ್ಯಾಂಡ್ ಹತ್ರ ಇಷ್ಟಕ್ಕೆ ನಾಲ್ಕು ಮಫ್ಲರ್ ಬರ್ತಿತ್ತು" ಅಂದರು ಮನೆಯವರು. ನಿಜವೇ, ಏನು ಹೇಳಲಿ.

ನಾಲ್ಕನೆಯದರಲ್ಲಿ ಎರಡೂ ರೋಗಕ್ಕೆ ಮದ್ದು ಸಿಕ್ಕಿತು. ಒಂದು ದಪ್ಪ ದಾರದ ಬದಲು ಎರಡು ತೆಳು ದಾರ ಜೊತೆ ಹಿಡಿದೆ. ಕುಚ್ಚಿನ ಎಳೆ ತಾನಾಗಿ ಎರಡರಷ್ಟಾಯಿತು. ಸ್ಟಿಚ್ಚನ್ನು ಕೆಳಗಿನ ಸಾಲಿನ ತಲೆಯ ಎರಡು ಎಳೆಗಳಲ್ಲಿ ಹಿಂಬದಿಯದಕ್ಕೆ ಮಾತ್ರ ಹಾಕಿದೆ. ರಟ್ಟುತನ ಹೋಗಿ ಉದ್ದಕ್ಕೂ ಗೀರು ಗೀರು ಬಂತು, ಎಳೆದರೆ ಸ್ವಲ್ಪ ಹಿಗ್ಗುತ್ತದೆ. 24 ಸಾಲು, ಅಗಲ ಏಳು ಇಂಚಿನ ಹತ್ತಿರ, ಉದ್ದ ಐದಡಿಗೆ ಸ್ವಲ್ಪ ಕಮ್ಮಿ. ದಾರ 200 ಗ್ರಾಂ, ಹೆಚ್ಚುಕಮ್ಮಿ. ಒಂದು ಸಾಲಿಗೆ ಆಗ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಈಗ ಹತ್ತರಲ್ಲಿ ಮುಗಿಯುತ್ತದೆ.

ಗಂಟಿನ ವಿಷಯ. ಎರಡು ಸಾಲಿನ ಎಳೆ ಸೇರಿಸಿ, ಅಂದರೆ ನಾಲ್ಕು ಎಳೆ, ಅಂಚಿಗೆ ಒತ್ತಿ ಒಂದು ಗಂಟು. ಅಕ್ರಿಲಿಕ್ ಜಾರುತ್ತದೆ, ಕೈ ಒದ್ದೆ ಮಾಡಿಕೊಂಡು ಹಾಕಿ. ಅದರ ಕೆಳಗೆ ಅರ್ಧ ಇಂಚು ಬಿಟ್ಟು ಅಕ್ಕಪಕ್ಕದ್ದು ಹಂಚಿ ಇನ್ನೊಂದು ಸುತ್ತು ಗಂಟು, ಸೀರೆಗೆ ಜಾಲರಿ ಹಾಕುವ ಹಾಗೇ. ಹೊಸ ಸಾಲು ಶುರುವಾಗುವ ಕಡೆ ಮೊದಲ ಸ್ಟಿಚ್ ಸಡಿಲ ಬೀಳದ ಹಾಗೆ ಹಿಡಿಯುವುದಕ್ಕೆ ನನ್ನದೊಂದು ದಾರಿ ಇದೆ. ಅದನ್ನು ಹೇಳಲ್ಲ. ಅದು ಕುಚ್ಚಿನ ಕೆಲಸದಿಂದ ಬಂದದ್ದು, ಅದರಿಂದಲೇ ನನ್ನ ಅನ್ನ. ಆಂಟಿ ಬಂದು ಕುಚ್ಚಿನ ತುದಿ ಹಿಡಿದು ಜಗ್ಗಿದರು. ಸುಮ್ನೆ ಅಲ್ಲ, ಬಾವಿ ಹಗ್ಗ ಎಳೆದ ಹಾಗೆ. ಏನೂ ಆಗಲಿಲ್ಲ. "ದಾರ ದಂಡ ಕಣೇ" ಅಂದರು. ಅಷ್ಟೇ.

ದಂಡ ಹೇಗೆ? ಹೇಗೂ ಕುಚ್ಚಿಗೆ ದಾರ ಬೇಕೇ ಬೇಕಲ್ಲ. ಜೊತೆಗೆ ಉಳಿಕೆ ಉಂಡೆಗಳು ಇದರಲ್ಲೇ ಖರ್ಚಾಗುತ್ತವೆ. ಸಾಲಿಗೊಂದು ಬಣ್ಣ ಹಾಕಬಹುದು. ಒಂದು ಸಲ ಬೂದು ಬಣ್ಣ ಸಾಲದೆ ತಿಂಗಳಾದ ಮೇಲೆ ಇನ್ನೊಂದು ಉಂಡೆ ತಂದೆ. ಬಣ್ಣ ಅದ್ದಿದ ಲಾಟ್ ಬೇರೆ, ಬಣ್ಣ ಒಂದು ಚೂರು ಗಾಢ. ಒಂದು ಸಾಲು ಹಳೆಯದು, ಒಂದು ಸಾಲು ಹೊಸದು ಅಂತ ಹಾಕಿದೆ. ಡಿಸೈನ್ ಅಂದುಕೊಂಡರು ಎಲ್ಲರೂ. ನನ್ನ ಕೈಗೆ ಒಂದು ಸಾಲಿಗೆ ಐದು ಮಾರು ದಾರ ಬೇಕು, ಕುಚ್ಚೂ ಸೇರಿ. ಐದು ಮಾರು ಇಲ್ಲದ ಉಂಡೆಯಲ್ಲಿ ಸಾಲು ಶುರು ಮಾಡಬೇಡಿ. ನಾನು ಮಾಡಿ 160ನೇ ಸ್ಟಿಚ್‌ನಲ್ಲಿ ನಿಂತಿದ್ದೇನೆ.

ಆಟಕ್ಕೆ ಏನೇನೋ ಮಾಡಿ ನೋಡಿದೆ. ಕುಚ್ಚಿಗೆ ಗಾಜಿನ ಮಣಿ ಪೋಣಿಸಿದರೆ ಭಾರಕ್ಕೆ ತುದಿ ಜೋಲುತ್ತದೆ, ಊಟಕ್ಕೆ ಕೂತರೆ ತಟ್ಟೆಗೆ ಬಡಿಯುತ್ತದೆ. ರೇಷ್ಮೆ ದಾರ ಜೊತೆಗೆ ಹಿಡಿದರೆ ನೋಡಲು ಚಂದ, ಗಂಟು ನಿಲ್ಲಲ್ಲ. ಸುರುಳಿಯಾದ ಕುಚ್ಚನ್ನು ನೆಟ್ಟಗೆ ಮಾಡಲು ಇಡ್ಲಿ ಪಾತ್ರೆಯ ಹಬೆ ಚೆನ್ನಾಗಿ ಕೆಲಸ ಮಾಡಿತು. ಒಂದು ಮೊಳ ದೂರ ಹಿಡಿದು, ಬೆರಳಲ್ಲಿ ಎಳೆದು ಬಿಡಬೇಕು. ಹತ್ತಿರ ಹಿಡಿದರೆ ಇಸ್ತ್ರಿ ಕಥೆಯೇ.

ಸಕಲೇಶಪುರದ ತೋಟದ ಮನೆಯವರೊಬ್ಬರು ಕಳೆದ ಡಿಸೆಂಬರ್‌ಗೆ ಮೂರು ತೆಗೆದುಕೊಂಡರು, ಒಂದಕ್ಕೆ 650. ದಾರಕ್ಕೆ ಇನ್ನೂರು ಇನ್ನೂರಿಪ್ಪತ್ತು ಕಳೆದರೂ ಪರವಾಗಿಲ್ಲ. ಕೂಲಿ ಲೆಕ್ಕ ಹಾಕಿದರೆ ಸೀರೆ ಕುಚ್ಚೇ ವಾಸಿ, ಸುಳ್ಳು ಹೇಳಲ್ಲ.

ಈಗ ಹನ್ನೊಂದನೆಯದು ಕಡ್ಡಿಯಲ್ಲಿದೆ. ಹದಿನಾರನೇ ಸಾಲು ಮುಗಿಯಿತು. ನೀಲಿ ಅಳೆದೆ, ನಾಲ್ಕೂವರೆ ಮಾರು.